ನಮ್ಮೂರ ಹಾಲಿವುಡ್ ಹೀರೋ

ಮೊನ್ನೆ ಸಿರುಗುಪ್ಪ ಕಡೆಯ ನಮ್ಮ ಕರೂರಿನ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತ ಕೂತಿದ್ದೆವು. ಹುಡುಗನೊಬ್ಬ ಮೊಬೈಲು ಹಿಡಿದು ಓಡಿ ಬಂದ.

"ಮಾವ, ಹಾಲಿವುಡ್‌ನಾಗ ಸಾಬು ಅಂತ ಹೀರೋ ಇದ್ದನಂತ. ನಮ್ಮೂರಾವ್ನಂತ!"

"ಯಾವ ಸಾಬು ಲೇ? ನಮ್ಮ ಟ್ರ್ಯಾಕ್ಟರ್ ಸಾಬೂನಾ?"

ನಾನು ಇಣುಕಿ ನೋಡಿದೆ. ಅಲ್ಲಿದ್ದದ್ದು ಕಾರಾಪುರ. ಎಚ್.ಡಿ. ಕೋಟೆ ಕಡೆಯ, ಕಬಿನಿ ದಂಡೆಯ ಊರು. ಸಿರುಗುಪ್ಪದಿಂದ 400 ಕಿಲೋಮೀಟರಿಗೂ ಆಚೆ. "ಒಂದೆರಡು ಅಕ್ಷರ ಹೆಚ್ಚುಕಮ್ಮಿ, ಬಿಡ್ರಿ" ಎಂದರು ಮಾವ. ತಾಡಪತ್ರಿಯಲ್ಲಿ ಹುಟ್ಟಿದ ರಂಗನಟರನ್ನು ಬಳ್ಳಾರಿ ರಾಘವ ಮಾಡಿಕೊಂಡ ಜಿಲ್ಲೆಗೆ ಇದೇನು ಮಹಾ! ಆದರೆ ರಾಘವರು ಬಳ್ಳಾರಿಯಲ್ಲಿ ವಕೀಲಿಕೆಯನ್ನಾದರೂ ಮಾಡಿದ್ದರು. ಸಾಬು ನಮ್ಮೂರ ಗದ್ದೆಯಲ್ಲಿ ಒಂದು ಆನೆಯನ್ನೂ ಹಾಯಿಸಿದವನಲ್ಲ.

ಮಾವುತನ ಮಗ, ಹುಟ್ಟಿದ್ದು 1924ರಲ್ಲಿ. ಅಪ್ಪ ತೀರಿಕೊಂಡ ಮೇಲೆ ಮೈಸೂರು ಮಹಾರಾಜರ ಆನೆಲಾಯವೇ ಗತಿಯಾಯಿತು. ಆನೆ ಹತ್ತುವ ಹುಡುಗನನ್ನು ಹುಡುಕಿಕೊಂಡು ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡಕ್ಕೆ ಅಲ್ಲಿ ಸಿಕ್ಕ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಾಗ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬಂದು ಇನ್ನೂ 3 ವರ್ಷವಾಗಿತ್ತು, ಅಷ್ಟೇ.

ಅಲ್ಲಿಂದ ದೊರೆಗಳು ಅವನಿಗೆ ಎರಡೇ ಬಟ್ಟೆ ಹೊಲಿಸಿದರು: ಕಾಡಾದರೆ ಲಂಗೋಟಿ, ಊರಾದರೆ ರುಮಾಲು. 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಬಾಗ್ದಾದಿನ ಸಿಂಹಾಸನ ಇಂಗ್ಲಿಷಿನವನಿಗೆ, ರಾಜಕುಮಾರಿಯೂ ಅವನಿಗೇ. ಕಳ್ಳತನ ಮಾತ್ರ ನಮ್ಮವನಿಗೆ. 1947ರ 'ಬ್ಲ್ಯಾಕ್ ನಾರ್ಸಿಸಸ್'ಗೆ ಹಿಮಾಲಯವನ್ನೇ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಬರೆದರು. ಬೆಟ್ಟದ ಹುಡುಗಿಯಾಗಲು ಜೀನ್ ಸಿಮನ್ಸ್ ಮುಖಕ್ಕೆ ಕಂದು ಬಣ್ಣ ಬಳಿದರು. ಅಸಲಿ ಬಣ್ಣದವನು ಪಕ್ಕದಲ್ಲೇ ನಿಂತು ಅತ್ತರು ಹಚ್ಚಿಕೊಳ್ಳುತ್ತಿದ್ದ.

ಈ ನಡುವೆ 1944ರಲ್ಲಿ ಅಮೆರಿಕದ ಪೌರನಾಗಿ, ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆದ; ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನೂ ಗೆದ್ದ. ಸಾಯುವ ಕೆಲಸಕ್ಕೆ ಯಾರೂ ರುಮಾಲು ಕೇಳಲಿಲ್ಲ ನೋಡಿ. ಯುದ್ಧ ಮುಗಿಸಿ ಬಂದ ಮೇಲೆ ಮತ್ತದೇ ಕಾಡು, ಅದೇ ಹುಲಿ.

ನಾವೇನು ಕಮ್ಮಿಯೇ? ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಇವನನ್ನು ಯೋಚಿಸಿದ್ದರು. ಕೆಲಸದ ಪರವಾನಗಿ ಸಿಗಲಿಲ್ಲ. ಪಾತ್ರ ಸುನೀಲ್ ದತ್ ಪಾಲಾಯಿತು. ಮದಗಜವನ್ನು ಬಗ್ಗಿಸಿದವನಿಗೆ ಸರ್ಕಾರದ ಒಂದು ಕಾಗದ ಬಗ್ಗಲಿಲ್ಲ. ಒಂದೂ ಭಾರತೀಯ ಚಿತ್ರದಲ್ಲಿ ನಟಿಸದೆ, 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಹೋದ. ವಯಸ್ಸು 39.

ಇಷ್ಟು ಹೇಳುವಷ್ಟರಲ್ಲಿ ಹೋಟೆಲಿನಲ್ಲಿ ಫ್ಲೆಕ್ಸಿನ ಅಳತೆ ಶುರುವಾಗಿತ್ತು. ಮೇಲೆ ಶಾಸಕರು, ಎಡಕ್ಕೆ ಮಾಜಿಗಳು, ಬಲಕ್ಕೆ ಮುಂದೆ ಆಗಬೇಕೆಂದಿರುವವರು, ಕೆಳಗೆ ಸಾಲಾಗಿ ಶುಭ ಕೋರುವ ಹದಿನಾರು ಕರಿಕನ್ನಡಕ. "ಸಾಬೂನ್ನ ಎಲ್ಲಿ ಕುಂದ್ರಸೋದು?" ಎಂಬ ಪ್ರಶ್ನೆ ಎದ್ದಿತು. ಮೂಲೆಯಲ್ಲಿ, ಅಂಚೆ ಚೀಟಿಯಷ್ಟಗಲ, ಜಾಗ ಸಿಕ್ಕಿತು.

"ಅಂಗಿ ಹಾಕ್ಕೊಂಡಿರೋ ಫೋಟೊ ಐತೇನು ನೋಡಪ" ಎಂದರು ಮಾವ.

ಹುಡುಗ ಇನ್ನೂ ಹುಡುಕುತ್ತಿದ್ದಾನೆ.