ಹಗೇವೋ, ಕೋಲ್ಡ್ ಸ್ಟೋರೇಜೋ: ಮೇಲ್ ಬಳಕೆದಾರರ ಕೈಪಿಡಿ

ಈ ಕೈಪಿಡಿ ಬಬಲೇಶ್ವರ ಮತ್ತು ತಿಕೋಟಾ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ವಿಜಯಪುರ ಶಹರದವರು ಓದಿದರೆ ಅಡ್ಡಿಯಿಲ್ಲ. ಆದರೆ ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ.

ಬೇಕಾಗುವ ಸಾಮಾನು: ಒಂದು ಮೇಲ್ ಐಡಿ, ಅದರ ಪಾಸ್‌ವರ್ಡ್, ಒಂದು ಕಂಪ್ಯೂಟರ್. ಮೂರೂ ಇಲ್ಲದಿದ್ದರೂ ಮುಂದೆ ಓದಬಹುದು. ನಮ್ಮಲ್ಲಿ ಬಹಳ ಮಂದಿ ಹಾಗೆಯೇ ಸಾಗಿಸುತ್ತಿದ್ದಾರೆ.

ಹೆಜ್ಜೆ 1. ನಿಮಗೊಂದು ಐಡಿ ಇದೆಯೋ ಇಲ್ಲವೋ ವಿಚಾರಿಸಿಕೊಳ್ಳಿ. ಇದ್ದೇ ಇರುತ್ತದೆ. ಪ್ಯಾನ್ ಕಾರ್ಡಿಗೋ ಮಗಳ ಸ್ಕಾಲರ್‌ಶಿಪ್ಪಿಗೋ ಅರ್ಜಿ ತುಂಬುವಾಗ ಆನ್‌ಲೈನ್ ಅಂಗಡಿಯ ಹುಡುಗ ಮಾಡಿಟ್ಟಿರುತ್ತಾನೆ. ಹೋಗಿ ಕೇಳಿ.

"ತಮ್ಮಾ, ನನ್ನ ಮೇಲ್ ಪಾಸ್‌ವರ್ಡ್ ಏನೈತಿ ನೋಡು."

"ಯಾವ ನಂಬರಿಗೆ ಮಾಡೇವ್ರಿ ಕಾಕಾ? ಹಳೇ ಸಿಮ್ಮೋ, ಹೊಸಾದೋ?"

"ಹಳೇದು ಫೋನಿನ ಜೋಡಿ ಬಾವ್ಯಾಗ ಬಿತ್ತಲ್ಲೋ."

"ಹಂಗಾರ ಹೊಸಾ ಐಡಿ ಒಂದು ಮಾಡೂಣ ತಗೋರಿ."

ಹೀಗೆ ಐದು ಐಡಿಗಳ ಒಡೆಯರಾದ ದ್ರಾಕ್ಷಿ ಬೆಳೆಗಾರರನ್ನು ನಾನು ಬಲ್ಲೆ. ಐದರ ಪಾಸ್‌ವರ್ಡೂ ಅಂಗಡಿಯ ನೋಟ್‌ಬುಕ್ಕಿನಲ್ಲಿವೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಅದೇ ನಿಯಮ. ನೋಟ್‌ಬುಕ್ಕಿಗೆ ಆ ನಿಯಮವಿಲ್ಲ.

ಹೆಜ್ಜೆ 2. ಈಗ ಆಯ್ಕೆ. ನಮ್ಮ ಹಿರಿಯರು ಬಿಳಿಜೋಳವನ್ನು ಅಂಗಳದ ಹಗೇವಿನಲ್ಲಿ ತುಂಬಿಡುತ್ತಿದ್ದರು. ನಾವು ಒಣದ್ರಾಕ್ಷಿಯನ್ನು ತಾಸಗಾಂವದ ಕೋಲ್ಡ್ ಸ್ಟೋರೇಜಿಗೆ ಕಳಿಸುತ್ತೇವೆ. ಹಗೇವಿನ ಕಾಳು ನಿಮ್ಮ ಕಾಲ ಕೆಳಗೇ ಇರುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ನಿಮ್ಮದು, ಕೀಲಿ ಅವರದು, ನಿಮ್ಮ ಜೇಬಿನಲ್ಲಿರುವುದು ರಸೀದಿ. ಥಂಡರ್‌ಬರ್ಡ್, ಔಟ್‌ಲುಕ್‌ನಂಥ ಮೇಲ್ ಪ್ರೋಗ್ರಾಂ ಮೊದಲನೆಯ ಜಾತಿ. ಬ್ರೌಸರಿನಲ್ಲಿ ತೆರೆಯುವ ಜಿಮೇಲ್ ಎರಡನೆಯದು. ಜಿಮೇಲ್, ಥಂಡರ್‌ಬರ್ಡ್ ಎರಡೂ ಒಂದೇ ವರ್ಷದವು: 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂತು, ಡಿಸೆಂಬರಿನಲ್ಲಿ ಥಂಡರ್‌ಬರ್ಡಿನ ಮೊದಲ ಪೂರ್ಣ ಆವೃತ್ತಿ.

ಬ್ರೌಸರಿನಲ್ಲೇ ಮೇಲ್ ನೋಡುವ ಚಟ ಹಿಡಿಸಿದ ಹಾಟ್‌ಮೇಲ್ ಅದಕ್ಕೂ ಹಿಂದಿನದು, 1996ರ ಜುಲೈ 4. ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಶಾಲೆ ಕಲಿತವರು. ಆಫೀಸಿನ ಸಾಹೇಬರ ಕಣ್ಣಿಗೆ ಬೀಳದೆ ತಮ್ಮ ಖಾಸಗಿ ಮೇಲ್ ಓದಬೇಕೆಂಬ ಆಸೆಯಿಂದ ಹುಟ್ಟಿದ್ದಂತೆ. ಈಗ ಆನ್‌ಲೈನ್ ಅಂಗಡಿಯ ಹುಡುಗ ಓದುತ್ತಾನೆ.

ಹೆಜ್ಜೆ 3 ಬರೆಯುವಾಗ ಕರೆಂಟ್ ಹೋಯಿತು. ಉಳಿಯಲಿಲ್ಲ.

ಎಚ್ಚರಿಕೆ. ಹಗೇವಿಗೆ ಇಳಿಯುವ ಮುಂಚೆ ಕಂದೀಲು ಇಳಿಬಿಡಬೇಕು. ಅದು ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ, ಇಳಿದವನು ಮೇಲೆ ಬರುವುದಿಲ್ಲ. ಮೇಲ್ ಪ್ರೋಗ್ರಾಮಿನ ಕಂದೀಲಿಗೆ ಬ್ಯಾಕಪ್ ಎನ್ನುತ್ತಾರೆ. ಇದನ್ನು ನಾನು ಕಲಿತದ್ದು ಔಟ್‌ಲುಕ್ ಎಕ್ಸ್‌ಪ್ರೆಸ್ ಕಾಲದಲ್ಲಿ. ಆಗ ಟಪಾಲು ಇಳಿಸಲು ಪಾಪ್ (POP) ಎಂಬ ಪದ್ಧತಿ. ಹೆಸರಿನ ಮೊದಲೆರಡು ಅಕ್ಷರ ಪೋಸ್ಟ್ ಆಫೀಸಿನವು, ಗುಣವೂ ಅದರದೇ: ಕಾಗದ ನಿಮ್ಮ ಕೈಗೆ ಕೊಟ್ಟ ಮೇಲೆ ತನ್ನ ಬಳಿ ನಕಲು ಉಳಿಸುವುದಿಲ್ಲ. ಉಳಿಸು ಎಂದು ನಾವೇ ಗುರುತು ಹಾಕಬೇಕಿತ್ತು. ನಾನು ಹಾಕಿರಲಿಲ್ಲ. ಕಂಪ್ಯೂಟರ್ ರಿಪೇರಿಯವರು, "ಭಾಳ ಸ್ಲೋ ಆಗೇತ್ರಿ, ಫಾರ್ಮ್ಯಾಟ್ ಹೊಡೀಲೇನ್ರಿ?" ಅಂದರು. ಹೊಡೀರಿ ಅಂದೆ. ಪುಣೆಯ ತಮ್ಮ ಆರು ವರ್ಷ ಬರೆದದ್ದೆಲ್ಲ ಅರ್ಧ ತಾಸಿನಲ್ಲಿ ಹೋಯಿತು. ಹೋಗಲಿ ಬಿಡ್ರಿ, ಅರ್ಧಾ ನುಡಿ ಫಾಂಟಿನಾಗ ಇದ್ವು, ಹೆಂಗೂ ಓದಾಕ ಬರ್ತಿದ್ದಿಲ್ಲ ಎಂದು ಮನೆಯಾಕೆ ಸಮಾಧಾನ ಹೇಳಿದಳು.

ಹೆಜ್ಜೆ 4. ಹಾಗಾದರೆ ಬ್ರೌಸರೇ ಕ್ಷೇಮವೇ? ಜಿಮೇಲ್ ಮೊದಲು ಕೊಟ್ಟದ್ದು 1 ಜಿಬಿ, ಈಗ ಪುಕ್ಕಟೆ 15. ಆದರೆ ಆ ಹದಿನೈದರಲ್ಲೇ ಫೋಟೊ, ಡ್ರೈವ್, ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಸಂಸಾರ ಮಾಡಬೇಕು. ತುಂಬಿತೋ, ಹೊಸ ಮೇಲ್ ಒಳಗೆ ಬರುವುದಿಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಅಂಗಿಗೆ ಜೇಬನ್ನೇ ಇಡಿಸಿದವರಲ್ಲ. ಅವರ ಪ್ರವಚನದ ವಿಡಿಯೊಗಳನ್ನು ಕೂಡಿಟ್ಟು ಕೂಡಿಟ್ಟು ನಾವು 15 ಜಿಬಿ ತುಂಬಿಸಿ, ಬ್ಯಾಂಕಿನ ಪತ್ರವನ್ನು ಬಾಗಿಲಿಂದಲೇ ವಾಪಸು ಕಳಿಸುತ್ತೇವೆ.

ಹೆಜ್ಜೆ 5. ನಡುವಿನ ದಾರಿಯೊಂದಿದೆ. ಐಮ್ಯಾಪ್ ಎಂದು ಹೆಸರು, 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬಾತ ರೂಪಿಸಿದ್ದು. ಮಾಲು ಕೋಲ್ಡ್ ಸ್ಟೋರೇಜಿನಲ್ಲೂ ಇರುತ್ತದೆ, ನಿಮ್ಮ ಹಗೇವಿನಲ್ಲೂ ಒಂದು ಪ್ರತಿ. ಥಂಡರ್‌ಬರ್ಡಿಗೆ ಹೆಸರು, ವಿಳಾಸ ಹೇಳಿದರೆ ಉಳಿದದ್ದನ್ನು ಸಾಮಾನ್ಯವಾಗಿ ತಾನೇ ಹುಡುಕಿಕೊಳ್ಳುತ್ತದೆ. ಜೆಸಿಬಿ ಕೇಬಲ್ ಕಡಿದು ಮೂರು ದಿನ ನೆಟ್ ಸತ್ತರೂ, ಇಳಿಸಿಟ್ಟ ಮೇಲ್ ಓದಬಹುದು. ಒಂದು ಮಾತು: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಮೊಮ್ಮಗ ಹತ್ತಿರ ಕೂತಾಗ ಪ್ರಯೋಗ ಬೇಡ.

ನನ್ನ ತೀರ್ಪು: ಸ್ವಂತ ಕಂಪ್ಯೂಟರ್ ಇದ್ದವರು ಪ್ರೋಗ್ರಾಂ ಹಾಕಿಕೊಳ್ಳಿ, ಐಮ್ಯಾಪ್ ಇಟ್ಟುಕೊಳ್ಳಿ. ಫೋನೊಂದೇ ಇದ್ದವರಿಗೆ ಈ ಜಿಜ್ಞಾಸೆಯೇ ಬೇಡ. ಆದರೆ ಯಾವುದನ್ನು ಆರಿಸಿದರೂ, ಇವತ್ತೇ ಆ ಅಂಗಡಿಗೆ ಹೋಗಿ ನೋಟ್‌ಬುಕ್ಕಿನಲ್ಲಿ ನಿಮ್ಮ ಹಾಳೆ ಹುಡುಕಿಸಿ, ಪಾಸ್‌ವರ್ಡ್ ಬದಲಿಸಿ, ಹೊಸ ನಂಬರ್ ಜೋಡಿಸಿ. ಹಾಳೆಯ ಫೋಟೊ ತೆಗೆಯಬೇಡಿ, ಅದೂ ಆ 15 ಜಿಬಿಗೇ ಸೇರುತ್ತದೆ. ಪೆನ್ನು ಒಯ್ಯಿರಿ. ಹುಡುಗ ರಾತ್ರಿ ಎಂಟಕ್ಕೆ ಶೆಟರ್ ಎಳೆಯುತ್ತಾನೆ.