ಅರ್ಜಿ ಅವರದು, ಕರೆ ಇವರಿಗೆ

ಅಕ್ಕಾ, ಬಟ್ಟೆ ಒಣಹಾಕಿ ಆಯ್ತಾ? ಒಂದು ವಿಷಯ ಹೇಳ್ತೀನಿ ಕೇಳಿ. ಗಂಡನ ಕೆಲಸ ಹೋಗಿದೆ, ಸರ್ಕಾರದ ಭತ್ಯೆ ಬರ್ತಿದೆ ಅಂದ್ಕೊಳ್ಳಿ. ಆರು ತಿಂಗಳಾದ ಮೇಲೆ ಮನೆಗೊಂದು ಕಾಗದ ಬರುತ್ತೆ, ಹೆಂಡತಿ ಹೆಸರಿಗೆ. ಇಂಥ ದಿನ ಕಚೇರಿಗೆ ಬಂದು ಮಾತಾಡಿ, ಸರಿಯಾದ ಕಾರಣ ಇಲ್ಲದೆ ತಪ್ಪಿಸಿದರೆ ಗಂಡನ ಭತ್ಯೆಯಲ್ಲಿ ಕಡಿತ ಅಂತ. ನಮ್ಮೂರ ಕಥೆಯಲ್ಲ ಇದು, ಬ್ರಿಟನ್ನಿನದು. 2004ರ ಏಪ್ರಿಲ್‌ನಲ್ಲಿ ಅಲ್ಲಿ ಜಾರಿಗೆ ಬಂದಿದ್ದ ನಿಯಮ.

ಈ ಮಾತುಕತೆಗೆ ಸಂದರ್ಶನ ಅಂತಿದ್ದರು, ಆದರೆ ಕೆಲಸ ಕೊಡೋ ಕಂಪನಿಯವರ ಮುಂದೆ ಕೂರೋದು ಅಂದ್ಕೋಬೇಡಿ. ಜಾಬ್‌ಸೆಂಟರ್ ಅನ್ನೋ ಸರ್ಕಾರಿ ಕಚೇರಿಯಲ್ಲಿ ಸಲಹೆಗಾರರ ಎದುರು ಕೂತು ಮಾತಾಡೋದು. ಏನು ಓದಿದ್ದೀರಿ, ಹಿಂದೆ ಎಲ್ಲಿ ದುಡಿದಿದ್ದಿರಿ, ಮಕ್ಕಳನ್ನು ಯಾರು ನೋಡ್ಕೋತಾರೆ, ಇಂಥವು. ಹೋಗಿ ಮಾತಾಡಿದರೆ ಸಾಕು, ಕೆಲಸ ಹುಡುಕಲೇಬೇಕು ಅಂತ ಆಗ ಇರಲಿಲ್ಲ. ಭತ್ಯೆ ಹೆಂಡತಿಯದಾಗಿದ್ದರೆ ಗಂಡನಿಗೆ ಕರೆ. ಮದುವೆಯಾಗದೆ ಒಟ್ಟಿಗಿರೋರಿಗೂ ಇದೇ ನಿಯಮ.

ಆ ಮಾತುಕತೆಯೇ ಕೆಟ್ಟದ್ದು ಅಂತ ನಾನನ್ನಲ್ಲ. ಹತ್ತು ವರ್ಷ ಮಕ್ಕಳು, ಮನೆ ಅಂತ ಇದ್ದುಬಿಟ್ಟ ಹೆಂಗಸಿಗೆ ತರಬೇತಿ ಎಲ್ಲಿ ಸಿಗುತ್ತೆ, ಶಿಶುವಿಹಾರಕ್ಕೆ ಸರ್ಕಾರ ಎಷ್ಟು ಕೊಡುತ್ತೆ ಅಂತ ಒಬ್ಬರು ಕೂರಿಸಿಕೊಂಡು ಹೇಳಿದರೆ ಒಳ್ಳೆಯದೇ. 1999ರಲ್ಲೇ ಅದಕ್ಕೊಂದು ಯೋಜನೆ ಇತ್ತು, ಇಷ್ಟ ಇದ್ದವರು ಬನ್ನಿ ಅಂತ. ಬಂದವರು ಕಡಿಮೆ. ಆಮೇಲೆ ಬಂತು ಈ ಕಡ್ಡಾಯ.

ನನಗೆ ಸಂಕಟ ಆಗೋದು ಕಡಿತದ ವಿಷಯಕ್ಕೆ. ಹೋಗದಿದ್ದವಳು ಒಬ್ಬಳು, ದುಡ್ಡು ಕಳ್ಕೊಳ್ಳೋನು ಇನ್ನೊಬ್ಬ. ಸಿಟ್ಟಿನ ಗಂಡನಿರೋ ಮನೆಯಲ್ಲಿ ಆ ವಾರ ಏನು ನಡೆಯುತ್ತೆ ಅಂತ ನಿಮಗೂ ನನಗೂ ಗೊತ್ತು. ಬ್ರಿಟನ್ನಿನ ಭತ್ಯೆ ವ್ಯವಸ್ಥೆಗೆ ಬುನಾದಿ ಹಾಕಿದ 1942ರ ಬೆವರಿಜ್ ವರದಿ ಮದುವೆಯಾದ ಹೆಂಗಸನ್ನು ಗಂಡನ ಆಶ್ರಿತೆ ಅಂತಲೇ ಎಣಿಸಿತ್ತು. ಅರವತ್ತು ವರ್ಷ ಕಳೆದ ಮೇಲೆ ಸರ್ಕಾರ ಅವಳ ಹೆಸರು ಹಿಡಿದು ಕರೀತಲ್ಲಾ ಅಂತ ಖುಷಿ ಪಡೋಣ ಅಂದರೆ, ಕರೆ ಮಾತ್ರ ಅವಳ ಹೆಸರಿಗೆ, ದುಡ್ಡು ಅವನ ಹೆಸರಿಗೇ.

2013ರಿಂದ ಯೂನಿವರ್ಸಲ್ ಕ್ರೆಡಿಟ್ ಅನ್ನೋ ಹೊಸ ಭತ್ಯೆ ಬಂತು, ನಿಯಮ ಇನ್ನೂ ಬಿಗಿಯಾಯ್ತು. ಈಗ ಜೋಡಿಗೆ ಜಂಟಿ ಅರ್ಜಿ. ಕೆಲಸಕ್ಕಾಗಿ ಏನೇನು ಮಾಡ್ತೀವಿ ಅಂತ ಇಬ್ಬರೂ ಒಪ್ಪಿಗೆ ಕೊಡಬೇಕು, ಒಬ್ಬರು ಒಲ್ಲೆ ಅಂದರೆ ಇಬ್ಬರದೂ ನಿಲ್ಲುತ್ತೆ. ಚಿಕ್ಕ ಮಕ್ಕಳಿದ್ದರೆ ನೋಡ್ಕೊಳ್ಳೋರು ಯಾರು ಅಂತ ಒಬ್ಬರನ್ನು ಹೆಸರಿಸಬೇಕು. ಮಗುವಿಗೆ ಮೂರು ತುಂಬಿದರೆ ಅವರೂ ಕೆಲಸ ಹುಡುಕಬೇಕು. ಹೊಣೆ ಇಷ್ಟು ಕರಾರುವಾಕ್ಕಾಗಿ ಎರಡು ಪಾಲು ಮಾಡಿದವರು ದುಡ್ಡನ್ನು ಮಾತ್ರ ಒಂದೇ ಖಾತೆಗೆ ಹಾಕ್ತಾರೆ!

ನಮ್ಮ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಹೋಗೋ ಹುಡುಗಿಯರ ಪಾಡು ಇನ್ನೊಂದು ಥರ. ಗಂಡ-ಹೆಂಡತಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಸರ್ಕಾರದ ಭತ್ಯೆ ಕೇಳೋ ಹಕ್ಕಿಲ್ಲ. ಆಗ ಗಂಡ ಒಂಟಿ ಅಂತಲೇ ಅರ್ಜಿ ಹಾಕಬೇಕು, ಒಬ್ಬನಿಗಾಗುವಷ್ಟೇ ಸಿಗುತ್ತೆ. ಆದರೆ ಲೆಕ್ಕ ಹಾಕುವಾಗ ಅವಳ ಸಂಬಳ, ಉಳಿತಾಯ ಎಲ್ಲ ಸೇರಿಸ್ತಾರೆ. ಕೊಡುವಾಗ ಅವಳಿಲ್ಲ, ಕಳೆಯುವಾಗ ಇದ್ದಾಳೆ. ಇದು ಅನ್ಯಾಯ ಅಕ್ಕಾ, ಬೇರೆ ಮಾತಿಲ್ಲ.

ಇಬ್ಬರನ್ನೂ ಕರೆಯೋ ಸರ್ಕಾರ ಇಬ್ಬರಿಗೂ ಬೇರೆ ಬೇರೆ ಕೊಡಲಿ. ಅಲ್ಲಿಯ ತನಕ, ಭತ್ಯೆ ಪಡೆಯೋ ನಿಮ್ಮ ಪರಿಚಯದ ಹುಡುಗಿ ಯಾರಾದರೂ ಆ ದೇಶದಲ್ಲಿದ್ದರೆ ಒಂದು ಮಾತು ಹೇಳಿ: ಜಂಟಿ ಅರ್ಜಿಯಲ್ಲಿ ನಿನ್ನ ಖಾತೆ ನಂಬರನ್ನೇ ಕೊಡಬಹುದು. ಮನೆಯಲ್ಲಿ ಹಿಂಸೆ ಇದ್ದರೆ ದುಡ್ಡನ್ನು ಇಬ್ಬರಿಗೂ ಹಂಚಿ ಹಾಕಿ ಅಂತ ಕೇಳಬಹುದು. ಕೇಳದೆ ಸುಮ್ಮನಿರಬೇಡ ಅನ್ನಿ.