ಬಿಲ್ ಮಿಷನ್ನಿನವರು

ಅವರಿಗೂ ಒಂದು ಹೆಸರಿದೆ. ಆಧಾರ್ ಕಾರ್ಡಿನಲ್ಲಿದೆ, ಮನೆಯವರಿಗೆ ಗೊತ್ತಿದೆ. ಗಿರಾಕಿಗಳಿಗೆ ಮಾತ್ರ ಗೊತ್ತಿಲ್ಲ. ಬೇಕರಿ ಮಾಲೀಕರ ಫೋನಿನಲ್ಲಿ ಅವರು ‘ಪ್ರಿಂಟರ್ ಸರ್’. ಮೆಡಿಕಲ್ ಶಾಪಿನವರ ಫೋನಿನಲ್ಲಿ ‘ರೋಲ್ ಅಣ್ಣ’. ದರ್ಶಿನಿಯ ಕ್ಯಾಷಿಯರ್ ಫೋನಿನಲ್ಲಿ ‘ಬಿಲ್ ಮಿಷನ್ ರಿಪೇರಿ’. ಮೂರು ತಿಂಗಳ ಬಾಕಿ ಉಳಿಸಿಕೊಂಡವರ ಫೋನಿನಲ್ಲಿ ‘ಎತ್ತಬಾರದು’.

ಏನು ಕೆಲಸ ಎಂದು ಕೇಳಿದರೆ ‘ಬಿಲ್ಲಿಂಗ್ ಸೊಲ್ಯೂಷನ್ಸ್’ ಅನ್ನುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲೂ ಹಾಗೇ ಅಚ್ಚಾಗಿದೆ. ಅಸಲಿಗೆ, ಅಂಗಡಿ ಹೋಟೆಲುಗಳ ಗಲ್ಲಾದ ಪಕ್ಕ ಕೂತು ಕಿರ್ರೆಂದು ಬಿಲ್ ಉಗುಳುವ ಥರ್ಮಲ್ ಪ್ರಿಂಟರನ್ನು ತಂದು ಕೂರಿಸುವುದು, ಅದಕ್ಕೆ ಪೇಪರ್ ರೋಲ್ ಒದಗಿಸುವುದು, ಅದು ನಿಂತಾಗ ಓಡಿ ಹೋಗಿ ನಡೆಸುವುದು ಇವರ ವೃತ್ತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರಕು ಎತ್ತುತ್ತಾರೆ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ರೋಲಿನ ಡಬ್ಬ ಕೂತಿರುವುದರಿಂದ ಇವರ ಕಾಲುಗಳು ಸದಾ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಬೆನ್ನಿನ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಎರಡು ಮೂರು ಕೇಬಲ್, ಒಂದು ಸಣ್ಣ ಬಾಟಲಿ ಸ್ಪಿರಿಟ್, ಒಂದು ಉಂಡೆ ಹತ್ತಿ.

ಬಿಲ್ ಮಿಷನ್ನಿಗೆ ಕೆಡುವ ಹೊತ್ತು ಚೆನ್ನಾಗಿ ಗೊತ್ತು. ಬೆಳಗ್ಗೆ ಹನ್ನೊಂದಕ್ಕೆ, ಕ್ಯಾಷಿಯರ್ ಆಕಳಿಸುತ್ತ ಕೂತಿರುವಾಗ ಅದಕ್ಕೇನೂ ಆಗುವುದಿಲ್ಲ. ಮಧ್ಯಾಹ್ನ ಒಂದೂವರೆಗೆ, ಊಟದ ಟೋಕನ್ನಿಗೆ ಬಾಗಿಲಾಚೆಯವರೆಗೆ ಜನ ನಿಂತಿರುವಾಗ ಅದು ಕೆಂಪು ದೀಪ ಮಿಟುಕಿಸುತ್ತದೆ. ಆಗ ಇವರು ಊರಿನ ಇನ್ನೊಂದು ತುದಿಯಲ್ಲಿ, ತಾವೂ ಊಟಕ್ಕೆ ಕೂತಿರುತ್ತಾರೆ.

“ಪೇಪರ್ ಬರ್ತಾ ಇದೆ ಸಾರ್, ಪ್ರಿಂಟ್ ಬರ್ತಿಲ್ಲ. ಇಂಕ್ ಖಾಲಿ ಆಗಿರ್ಬೇಕು.”

“ಅದಕ್ಕೆ ಇಂಕೇ ಇಲ್ಲ ಅಣ್ಣ.”

“ಅದನ್ನೇ ನಾನೂ ಹೇಳ್ತಿರೋದು. ಇಂಕ್ ಇಲ್ಲ, ಬೇಗ ತಗೊಂಡ್ ಬನ್ನಿ.”

“ಅಣ್ಣ, ರೋಲ್ ಯಾರು ಹಾಕಿದ್ದು?”

“ಹೊಸ ಹುಡುಗ.”

“ಪೇಪರನ್ನ ಉಗುರಲ್ಲಿ ಗೀರಿ. ಗೆರೆ ಬಂತಾ?”

“ಇಲ್ಲ.”

“ಮಗುಚಿ ಗೀರಿ.”

“ಬಂತು ಸಾರ್, ಕಪ್ಪಗೆ ಬಂತು!”

“ಆ ಮಗ್ಗುಲು ಹೆಡ್ ಕಡೆಗೆ ಬರ್ಬೇಕು. ರೋಲ್ ತಿರುಗಿಸಿ ಹಾಕಿ.”

ಬಿಲ್ ಬರುತ್ತದೆ. ಥ್ಯಾಂಕ್ಸ್ ಬರುವುದಿಲ್ಲ, ಫೋನ್ ಕಟ್ಟಾಗುತ್ತದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸಾರು ಕಲಸಿದ ತುತ್ತು: ಇವರ ಅರ್ಧ ಸರ್ವೀಸು ನಡೆಯುವುದು ಈ ಭಂಗಿಯಲ್ಲೇ.

ಇಂಕಿನ ವಿಷಯವನ್ನು ಇವರು ನೂರಾರು ಅಂಗಡಿಗಳಲ್ಲಿ ವಿವರಿಸಿದ್ದಾರೆ, ಯಾರೂ ನಂಬಿಲ್ಲ. ಕಾಗದದ ಒಂದು ಮಗ್ಗುಲಿಗೆ ಬಣ್ಣವಿಲ್ಲದ ಒಂದು ರಂಗನ್ನೂ ಅದನ್ನು ಕಪ್ಪಾಗಿಸುವ ಇನ್ನೊಂದು ರಾಸಾಯನಿಕವನ್ನೂ ಸೇರಿಸಿ ತೆಳ್ಳಗೆ ಬಳಿದಿರುತ್ತಾರೆ. ತಣ್ಣಗಿರುವವರೆಗೆ ಎರಡೂ ತಮ್ಮ ಪಾಡಿಗಿರುತ್ತವೆ. ಕಾವು ತಗುಲಿದ ಕಡೆ ಕರಗಿ ಬೆರೆತು, ಅರಿಸಿನಕ್ಕೆ ಸುಣ್ಣ ಸೇರಿ ಕೆಂಪಾದ ಹಾಗೆ, ಕಪ್ಪಾಗುತ್ತವೆ. ಆ ಕಾವು ಕೊಡುವುದು ಪ್ರಿಂಟರಿನ ಹೆಡ್ಡು. ಮಿಲಿಮೀಟರಿಗೆ ಎಂಟರಂತೆ, ಮೂರಿಂಚಿನ ಮಿಷನ್ನಿನಲ್ಲಿ ಸಾಲಾಗಿ 576 ಬಿಸಿಚುಕ್ಕೆಗಳು. ಇದರ ಮೂಲಪುರುಷರಲ್ಲಿ ಒಬ್ಬರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ, ಐಸಿ ಚಿಪ್ಪಿನ ಕೆಲಸಕ್ಕಾಗಿ 2000ದಲ್ಲಿ ನೊಬೆಲ್ ಪಡೆದವರು. ನಮ್ಮವರಿಗೆ ಈ ಕಥೆ ಗೊತ್ತು. ಬೇಕರಿಯಲ್ಲಿ ಹೇಳಲು ಹೊರಟರೆ ಮಾಲೀಕರು, “ಅದಿರ್ಲಿ, ಒಂದು ಪಫ್ ತಿನ್ನಿ” ಅನ್ನುತ್ತಾರೆ.

ಹೊಸ ಅಂಗಡಿಯಲ್ಲಿ ಮಿಷನ್ನು ಕೂರಿಸುವ ದಿನ ಇವರದು ಪುರೋಹಿತರ ಗತ್ತು. ಶುಕ್ರವಾರ, ರಾಹುಕಾಲ ಮುಗಿದ ಮೇಲೆ. ಬಿಲ್ಲಿನ ನೆತ್ತಿಯ ಮೇಲೆ ಯಾವ ದೇವರು ಎಂಬುದು ಮೊದಲ ಪ್ರಶ್ನೆ. ಮಾಲೀಕರಿಗೆ ಮಂಜುನಾಥ, ಅವರ ಪಾಲುದಾರರಿಗೆ ತಿಮ್ಮಪ್ಪ. ಇಬ್ಬರನ್ನೂ ಹಾಕಿದರೆ ಬಿಲ್ಲು ಎರಡು ಸಾಲು ಉದ್ದವಾಗುತ್ತದೆ, ಪೇಪರ್ ಖರ್ಚು. ಕೊನೆಗೆ ‘ಶ್ರೀ’ ಎಂದಷ್ಟೇ ಹಾಕಿ ಎಲ್ಲ ದೇವರಿಗೂ ಸಲ್ಲಿಸುತ್ತಾರೆ.

ಆಮೇಲೆ ಕನ್ನಡದ ಸರದಿ. ಮಾಲೀಕರು ಹೆಮ್ಮೆಯಿಂದ, “ತಿಂಡಿ ಹೆಸ್ರೆಲ್ಲ ಕನ್ನಡದಲ್ಲೇ ಬರ್ಬೇಕು” ಅನ್ನುತ್ತಾರೆ. ನ್ಯಾಯವಾದ ಬೇಡಿಕೆ. ಆದರೆ ಸಾಮಾನ್ಯ ಬಿಲ್ ಮಿಷನ್ನಿನ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಮತ್ತು ಒಂದಷ್ಟು ಹೊರದೇಶದ ಅಕ್ಷರಗಳು, ಕನ್ನಡ ಅಲ್ಲಿಲ್ಲ. ಹಾಗೇ ಕಳಿಸಿದರೆ ಮಸಾಲೆ ದೋಸೆಯ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ನಿಲ್ಲುತ್ತವೆ. ಗಿರಾಕಿ ಏನು ಕೇಳಿದ ಎಂದು ಅಡುಗೆಮನೆಯೇ ಗಿರಾಕಿಯನ್ನು ಕೇಳಿದ ಹಾಗೆ. ಉಪಾಯ ಒಂದೇ: ಸಾಫ್ಟ್‌ವೇರು ಅಕ್ಷರಗಳನ್ನು ಚಿತ್ರ ಮಾಡಿ ಕಳಿಸಬೇಕು. ಚಿತ್ರ ಮಾಡುವಾಗ ಒತ್ತಕ್ಷರ ಸರಿಯಾಗಿ ಕೂರದಿದ್ದರೆ ಇಡ್ಲಿಯ ‘ಲ’ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಎರಡು ಗಂಟೆ ಒದ್ದಾಡಿ ಇವರು ಅದನ್ನು ಸರಿಮಾಡುತ್ತಾರೆ. ಆಗ ಗೊತ್ತಾಗುವ ಸಂಗತಿ: ಒಳಗಿನ ದೋಸೆ ಮಾಸ್ಟರು ಒಡಿಶಾದವರು, ಕನ್ನಡ ಮಾತಾಡಬಲ್ಲರು, ಓದಲಾರರು. ಅಡುಗೆಮನೆಯ ಚೀಟಿ ಮತ್ತೆ ಇಂಗ್ಲಿಷಿಗೆ ಹೋಗುತ್ತದೆ, ಗಿರಾಕಿಯ ಬಿಲ್ಲು ಕನ್ನಡದಲ್ಲೇ ಉಳಿಯುತ್ತದೆ. ಇದ್ದುದರಲ್ಲಿ ಇದು ಒಳ್ಳೆಯ ರಾಜಿ. ರೂಪಾಯಿ ಚಿಹ್ನೆಯದೂ ಹೀಗೇ. ಸರ್ಕಾರ ಅದನ್ನು ಒಪ್ಪಿದ್ದು 2010ರ ಜುಲೈನಲ್ಲಿ. ಎಷ್ಟೋ ಮಿಷನ್ನುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅವು ‘ಆರ್ ಎಸ್ ಚುಕ್ಕೆ’ಯಲ್ಲೇ ಇವೆ.

ಕೂರಿಸಿ ಬಂದ ಮರುವಾರದಿಂದ ಜಗಳ ಶುರು. ಕಸ ಗುಡಿಸುವಾಗ ಯಾರೋ ಯುಎಸ್‌ಬಿ ವೈರು ಕೀಳುತ್ತಾರೆ, ಪಕ್ಕದ ತೂತಿಗೆ ಚುಚ್ಚುತ್ತಾರೆ. ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ತಿಳಿದು ‘ಕಾಪಿ 1’ ಎಂದು ನಾಮಕರಣ ಮಾಡುತ್ತದೆ. ಬಿಲ್ಲುಗಳೆಲ್ಲ ಈಗಿಲ್ಲದ ಹಳೆಯ ಹೆಸರಿಗೆ ಹೋಗಿ ಸಾಲಾಗಿ ಕಾಯುತ್ತವೆ. ಇನ್ನು ಅಡುಗೆಮನೆಯ ಪ್ರಿಂಟರು ನೆಟ್‌ವರ್ಕಿನದು, ಅದಕ್ಕೊಂದು ಐಪಿ ವಿಳಾಸ. ಇಂಟರ್ನೆಟ್ಟಿನ ಹುಡುಗ ಬಂದು ಹಳೆಯ ರೂಟರ್ ತೆಗೆದು ಹೊಸದು ಹಾಕಿ ಹೋದರೆ ಮುಗಿಯಿತು. ಇಡೀ ಓಣಿಯ ನಂಬರು ಬದಲಾಗಿ, ಪ್ರಿಂಟರು ಹಳೆಯ ವಿಳಾಸ ಹಿಡಿದುಕೊಂಡು ಮೌನವ್ರತಕ್ಕೆ ಕೂರುತ್ತದೆ.

ಆಗ ಕಾನ್ಫರೆನ್ಸ್ ಕಾಲ್. ಸಾಫ್ಟ್‌ವೇರಿನವರು “ನಮ್ ಕಡೆಯಿಂದ ಹೋಗಿದೆ” ಅನ್ನುತ್ತಾರೆ. ಇಂಟರ್ನೆಟ್ಟಿನವರು “ನಮ್ ಕಡೆ ಲೈನ್ ಕ್ಲಿಯರ್” ಅನ್ನುತ್ತಾರೆ. ಕರಾವಳಿ ಕಡೆಯ ಹೋಟೆಲ್ ಮಾಲೀಕರು, “ಮಾರಾಯ್ರೇ, ಎಲ್ಲರ ಕಡೆಯೂ ಸರಿ ಇದ್ರೆ ಹಾಳಾದದ್ದು ನನ್ನ ಕಡೆಯಾ?” ಎಂದು ಕೇಳುತ್ತಾರೆ. ನಮ್ಮವರ ಬತ್ತಳಿಕೆಯಲ್ಲಿ ಒಂದು ಅಸ್ತ್ರವಿದೆ. ಫೀಡ್ ಗುಂಡಿ ಒತ್ತಿ ಹಿಡಿದೇ ಸ್ವಿಚ್ ಹಾಕಿದರೆ ಮಿಷನ್ನು ಯಾರ ಹಂಗೂ ಇಲ್ಲದೆ ತನ್ನ ಜಾತಕವನ್ನು ತಾನೇ ಮುದ್ರಿಸಿ ಕೊಡುತ್ತದೆ. ಅದನ್ನು ಸರ್ರನೆ ಹರಿದು ಮೇಜಿನ ಮೇಲಿಟ್ಟು, “ನೋಡಿ, ನನ್ ಮಿಷನ್ ಸರಿ ಇದೆ” ಎಂದು ಎದ್ದುಬಿಡುತ್ತಾರೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಆ ಚೀಟಿ ಸಾಬೀತು ಮಾಡುವುದು ಹೆಡ್ಡು, ಪೇಪರು ಸರಿಯಿವೆ ಎಂದಷ್ಟೇ. ಕೇಬಲ್ಲು, ವಿಳಾಸದ ತಕರಾರು ಹಾಗೇ ಇರುತ್ತದೆ. ಅದು ಇವರಿಗೂ ಗೊತ್ತು. ಕಾಫಿ ಕುಡಿದ ಮೇಲೆ ಆ ಚೀಟಿಯಲ್ಲೇ ಅಚ್ಚಾದ ಐಪಿ ವಿಳಾಸ ನೋಡಿ ಸರಿಮಾಡುವವರೂ ಇವರೇ.

ಮಿಷನ್ನು ಮಾರಿ ಇವರಿಗೆ ಹೆಚ್ಚೇನೂ ಉಳಿಯುವುದಿಲ್ಲ. ಬೆಲೆ ಹೇಳುವ ಮುಂಚೆಯೇ ಗಿರಾಕಿ ಫೋನ್ ತೆಗೆದು ಆನ್‌ಲೈನ್ ಬೆಲೆ ತೋರಿಸುತ್ತಾರೆ. “ಆನ್‌ಲೈನಿನವ್ನು ಮಧ್ಯಾಹ್ನ ಒಂದೂವರೆಗೆ ಫೋನ್ ಎತ್ತುತ್ತಾನಾ?” ಎನ್ನುವುದು ಇವರ ಸಿದ್ಧ ಉತ್ತರ. ಹೊಟ್ಟೆ ಹೊರೆಯುವುದು ರೋಲು.

ರೋಲಿನ ಲೋಕದಲ್ಲಿ ಧರ್ಮವೂ ಇದೆ, ಅಧರ್ಮವೂ ಇದೆ. ಎರಡಿಂಚಿನದು, ಮೂರಿಂಚಿನದು ಎಂದು ಎರಡು ಜಾತಿ. ಕಾಗದದ ಅಗಲ 57 ಮತ್ತು 79 ಅಥವಾ 80 ಮಿಲಿಮೀಟರು. ಡಬ್ಬದ ಮೇಲೆ ‘50 ಮೀಟರ್’ ಎಂದಿರುತ್ತದೆ. ಒಂದು ಟೋಕನ್ ಹತ್ತು ಸೆಂಟಿಮೀಟರ್ ಉದ್ದವಾದರೆ ರೋಲಿಗೆ ಐನೂರು ಟೋಕನ್ ಬರಬೇಕು. ಮುನ್ನೂರಕ್ಕೇ, ರೋಲು ಮುಗಿಯುತ್ತಿದೆ ಎನ್ನುವ ಕೆಂಪು ಪಟ್ಟಿ ಅಂಚಿನಲ್ಲಿ ಕಾಣಿಸಿಕೊಂಡರೆ ನಡುವಿನ ಕೊಳವೆ ನೋಡಬೇಕು. ಹೊರಗಿನ ದುಂಡು ಅಷ್ಟೇ ಇರುತ್ತದೆ, ಒಳಗಿನ ಕೊಳವೆ ದಪ್ಪಗಾಗಿರುತ್ತದೆ. ನಮ್ಮವರು ತಮ್ಮ ರೋಲನ್ನು ಅಂಗೈ ಮೇಲಿಟ್ಟು ತೂಗಿ ತೋರಿಸುತ್ತಾರೆ. ಎದುರಾಳಿಯ ರೋಲನ್ನೂ ತೂಗುತ್ತಾರೆ, ಆಗ ಮುಖದಲ್ಲೇ ವ್ಯತ್ಯಾಸ ತೋರಿಸುತ್ತಾರೆ.

ಇನ್ನೊಂದು ಲೆಕ್ಕವನ್ನು ಅವರು ಹೇಳುವುದಿಲ್ಲ, ನಾವು ಹೇಳಬಹುದು. ಎಷ್ಟೋ ಮಿಷನ್ನುಗಳ ಹೆಡ್ಡಿನ ಆಯಸ್ಸು ನೂರು ಕಿಲೋಮೀಟರ್ ಕಾಗದ ಎಂದು ತಯಾರಕರು ಬರೆದಿರುತ್ತಾರೆ, ಅಂದರೆ 50 ಮೀಟರಿನ ಎರಡು ಸಾವಿರ ರೋಲು. ದಿನಕ್ಕೆ ಸಾವಿರ ಟೋಕನ್ ಹರಿಯುವ ದರ್ಶಿನಿಯಲ್ಲಿ ದಿನಕ್ಕೆರಡು ರೋಲು. ಮೂರು ವರ್ಷ ತುಂಬುವ ಮುಂಚೆಯೇ ಮಿಷನ್ನು ಬೆಂಗಳೂರಿನಿಂದ ಮಂಡ್ಯ ತಲುಪಿ ಸುಸ್ತಾಗಿರುತ್ತದೆ. ಮಾಲೀಕರು ಮಾತ್ರ, “ಈಗ್ ತಾನೇ ಹಾಕಿಸಿದ್ವಲ್ರೀ” ಅನ್ನುತ್ತಾರೆ.

ಜಿಎಸ್‌ಟಿ ಬಂದ 2017ರ ಜುಲೈ ಇವರ ಪಾಲಿಗೆ ಹಬ್ಬದ ತಿಂಗಳು. ಬಿಳಿ ಚೀಟಿಯಲ್ಲಿ ಲೆಕ್ಕ ಬರೆಯುತ್ತಿದ್ದವರೂ ಮಿಷನ್ನು ಕೇಳಿಕೊಂಡು ಬಂದರು. ಅದೇ ಕಾಯ್ದೆಯಲ್ಲಿ 200 ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೆ, ಸಾಮಾನ್ಯ ಗಿರಾಕಿ ಕೇಳದಿದ್ದರೆ, ಬಿಡಿಬಿಡಿ ಬಿಲ್ ಬೇಡ, ದಿನದ ಕೊನೆಗೆ ಒಟ್ಟು ಬಿಲ್ ಸಾಕು ಎಂಬ ವಿನಾಯಿತಿಯೂ ಇದೆ. ಮೊದಲನೆಯ ಸಂಗತಿಯನ್ನು ಇವರು ಎಲ್ಲ ಅಂಗಡಿಗಳಲ್ಲೂ ಸವಿಸ್ತಾರವಾಗಿ ಹೇಳುತ್ತಾರೆ.

ಈಚೆಗೆ ಡಬ್ಬಗಳ ಮೇಲೆ ‘ಬಿಪಿಎ ಫ್ರೀ’ ಎಂಬ ಮೊಹರು ಕಾಣುತ್ತಿದೆ. ಕಾಗದವನ್ನು ಕಪ್ಪಾಗಿಸುವ ರಾಸಾಯನಿಕಗಳಲ್ಲಿ ಬಿಪಿಎ ಒಂದು. ಮುಟ್ಟುವವರ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಯುರೋಪ್ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ಅದನ್ನು ಹೆಚ್ಚುಕಡಿಮೆ ನಿಷೇಧಿಸಿಯೇ ಬಿಟ್ಟಿದೆ. ಒಬ್ಬ ದಿನಸಿ ಅಂಗಡಿಯವರು ಇದನ್ನು ತಮಗೆ ತಿಳಿದಂತೆ ಪ್ರಚಾರ ಮಾಡುತ್ತಿದ್ದಾರೆ: “ಈ ಪೇಪರ್ ಬಿ.ಪಿ. ಇರೋರಿಗೆ ಒಳ್ಳೇದಂತೆ.” ನಮ್ಮವರು ತಿದ್ದಲಿಲ್ಲ. ಎರಡು ಡಬ್ಬ ಹೆಚ್ಚು ಹೋಯಿತು.

ವರ್ಷದಲ್ಲಿ ಒಂದು ದಿನ ಮಾತ್ರ ಯಾರೂ ಫೋನ್ ಮಾಡುವುದಿಲ್ಲ, ಆಯುಧಪೂಜೆಯ ದಿನ. ಅಂದು ಮಿಷನ್ನಿಗೆ ರಜೆ. ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿ, ಮಂಗಳಾರತಿ ಎತ್ತುತ್ತಾರೆ. ಭಕ್ತಿ ಹೆಚ್ಚಿದ್ದವರು ಮುಚ್ಚಳ ತೆರೆದು ಒಳಗೂ ಕುಂಕುಮ ಇಡುತ್ತಾರೆ. ವಿಜಯದಶಮಿಯ ಬೆಳಗ್ಗೆ ಫೋನುಗಳ ಮೆರವಣಿಗೆ. ಕಟರಿನಲ್ಲಿ ಹೂವಿನ ಎಸಳು ಸಿಕ್ಕಿ ಮುಚ್ಚಳವೇ ತೆರೆಯುತ್ತಿಲ್ಲ. ಇವರು ಮುಂದಿನ ಪಟ್ಟಿ ಸರಿಸಿ, ಒಳಗಿನ ಪುಟ್ಟ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ಬ್ಲೇಡನ್ನು ಹಿಂದಕ್ಕೆ ಎಳೆಯುತ್ತಾರೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸುತ್ತಾರೆ. ಪಿನ್ನು, ಚಾಕು ಮುಟ್ಟಿಸಿದರೆ ಗೀರು ಬಿದ್ದ ಚುಕ್ಕೆ ಮತ್ತೆ ಬಿಸಿಯಾಗುವುದಿಲ್ಲ, ಪ್ರತಿ ಬಿಲ್ಲಿನಲ್ಲೂ ಮೇಲಿಂದ ಕೆಳಗೆ ಒಂದು ಬಿಳಿಗೆರೆ ಖಾಯಂ. ಎಚ್ಚರಿಕೆ ಹೇಳಿ ಬರುತ್ತಾರೆ, ಮುಂದಿನ ವರ್ಷ ಮತ್ತೆ ಅಲ್ಲಿಗೇ ಹೋಗುತ್ತಾರೆ.

ಗಲ್ಲಾಪೆಟ್ಟಿಗೆ ಜೋಡಿಸುವುದರಲ್ಲೂ ಒಂದು ಗುಟ್ಟಿದೆ. ಅದರ ವೈರು ಹೋಗುವುದು ಕಂಪ್ಯೂಟರಿಗಲ್ಲ, ಪ್ರಿಂಟರಿಗೆ. ಪ್ರಿಂಟರು ಮಿಡಿದರೆ ಪೆಟ್ಟಿಗೆ ಟಣ್ಣೆಂದು ತೆರೆಯುತ್ತದೆ. ಆ ತೂತು ನೋಡಲು ಟೆಲಿಫೋನಿನ ತೂತಿನಂತೆಯೇ ಇದ್ದು, ಟೆಲಿಫೋನ್ ವೈರು ಚುಚ್ಚಬೇಡಿ ಎಂದು ಕೈಪಿಡಿಗಳಲ್ಲಿ ಎಚ್ಚರಿಕೆ ಇರುತ್ತದೆ. ಯಾರೋ ಚುಚ್ಚಿದ್ದಾರೆ ಎಂದೇ ಅರ್ಥ. ಈಗ ಪೆಟ್ಟಿಗೆ ತೆರೆದರೂ ಹಾಕಲು ನೋಟಿಲ್ಲ. ಪಕ್ಕದ ಕ್ಯೂಆರ್ ಡಬ್ಬ “ನಲವತ್ತು ರೂಪಾಯಿ ಬಂದಿದೆ” ಎಂದು ಕೂಗುತ್ತದೆ, ಪೆಟ್ಟಿಗೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತದೆ.

ಇವರಿಗೂ ಒಂದು ಕನಸಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಕೊಡತೊಡಗಿದಾಗ ಊರೆಲ್ಲ ಯೋಜನೆಯ ಸಾಧಕ ಬಾಧಕ ಚರ್ಚಿಸಿತು. ಇವರು ಬಸ್ಸಿನಲ್ಲಿ ನಿಂತು ಟಿಕೆಟ್ ಮಿಷನ್ನಿನಿಂದ ಹೊರಬರುತ್ತಿದ್ದ ಕಾಗದವನ್ನಷ್ಟೇ ನೋಡಿದರು. ದುಡ್ಡಿಲ್ಲದ ಟಿಕೆಟ್ಟಿಗೂ ದುಡ್ಡಿನ ಟಿಕೆಟ್ಟಿನಷ್ಟೇ ರೋಲು ಬೇಕು. ಆ ಟೆಂಡರು ಇವರ ಸ್ಕೂಟರಿಗೆ ಹಿಡಿಸುವಂಥದ್ದಲ್ಲ, ಆದರೂ ಲೆಕ್ಕ ಹಾಕದೆ ಇರಲಾರರು.

ಇಷ್ಟೆಲ್ಲ ಮಿಷನ್ನು ಮಾರುವವರು ತಮ್ಮ ಗಿರಾಕಿಗೆ ಬಿಲ್ ಕೊಡುವುದು ಮಾತ್ರ ಕೈಬರಹದಲ್ಲಿ, ಕಾರ್ಬನ್ ಹಾಳೆಯ ಬಿಲ್ ಬುಕ್ಕಿನಲ್ಲಿ. ಕೇಳಿದರೆ ಪೆನ್ನು ಒತ್ತುತ್ತಲೇ ಹೇಳುತ್ತಾರೆ: “ಒಂದು ವರ್ಷ ವಾರಂಟಿ ಇದೆ ಅಣ್ಣ. ಮಿಷನ್ನಲ್ಲಿ ಕೊಟ್ರೆ ಅಲ್ಲೀವರೆಗೆ ಅಕ್ಷರ ಇರಲ್ಲ.”

ಇದು ತಮಾಷೆಯಲ್ಲ, ವ್ಯಾಪಾರಿಯೇ ಒಪ್ಪಿಕೊಂಡ ಸತ್ಯ. ಮಿಕ್ಸಿ, ಫ್ರಿಜ್ಜು, ಮೊಬೈಲಿನ ವಾರಂಟಿ ಬಿಲ್ಲೂ ಆಸ್ಪತ್ರೆಯ ರಸೀದಿಯೂ ನಯವಾದ ಥರ್ಮಲ್ ಕಾಗದದಲ್ಲಿದ್ದರೆ ಬಿಸಿಲು, ಎಣ್ಣೆ, ಸ್ಯಾನಿಟೈಸರು, ಪರ್ಸಿನ ಪ್ಲಾಸ್ಟಿಕ್ಕು ಎಲ್ಲವೂ ಅಕ್ಷರಕ್ಕೆ ವೈರಿ. ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಆ ಯಂತ್ರದ ಬಿಸಿಗೆ ಬಿಲ್ಲು ಪೂರ್ತಿ ಕಪ್ಪಾಗುತ್ತದೆ. ಮನೆಗೆ ಬಂದ ದಿನವೇ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ, ಬೀದಿ ಕೊನೆಯ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಾಡಿಸಿ, ಬಿಲ್ಲನ್ನೂ ಜೆರಾಕ್ಸನ್ನೂ ಒಟ್ಟಿಗೆ ಪಿನ್ ಹೊಡೆದು ಇಡಿ.